ರತ್ನಮ್ಮ ದೇವರ ಜೊತೆ ಮಾತು ಬಿಟ್ಟಿದ್ದಳು

ಈ ಕೆಲಸಕ್ಕೆ ಹೊಸದಾಗಿ ಸೇರುವ ಹೆಣ್ಣುಮಕ್ಕಳು ಆಗಾಗ ನಮ್ಮ ಮನೆಗೆ ಬಂದು, "ಅಮ್ಮಾರ, ನಿಮ್ಮ ಅನುಭವ ಒಂದೀಟು ಹೇಳ್ರಿ" ಎಂದು ಕೂರುತ್ತಾರೆ. ನನ್ನ ಗಂಟಲಿನಿಂದ ಈಗ ಬರುವುದು ಪಿಸುದನಿ ಮಾತ್ರ. ಪಕ್ಕದ ಮನೆಯವರು ಮಿಕ್ಸಿ ಹಾಕಿದರೆ ಅದೂ ಕೇಳುವುದಿಲ್ಲ. ಪಾಪ, ಹುಡುಗಿಯರು ಕಿವಿಯನ್ನು ನನ್ನ ಬಾಯಿಗೆ ಹಚ್ಚಿ ಹಚ್ಚಿ ಸುಸ್ತಾಗಿ, ಚಹಾ ಕುಡಿದು ಎದ್ದು ಹೋಗುತ್ತಾರೆ. ಅದಕ್ಕೇ ಬರೆದಿಡುವುದು ಒಳ್ಳೆಯದೆನ್ನಿಸಿತು.

ನಮ್ಮ ಕ್ರೈಸ್ತ ಸಭೆಯ ಕಾಗದಪತ್ರದಲ್ಲಿ ನನ್ನ ಹುದ್ದೆಗೆ 'ಸುವಾರ್ತಾ ಸೇವಕಿ' ಎಂಬ ದೊಡ್ಡ ಹೆಸರಿತ್ತು. ಓಣಿಯ ಜನಕ್ಕೆ ನಾನು 'ಪ್ರಾರ್ಥನಿ ಅಮ್ಮ'. ಕೆಲಸ ಇಷ್ಟೇ. ಸಭೆಯ ಮನೆಗಳಿಗೆ ಹೋಗುವುದು. ರೋಗ, ಸಾವು, ಜಗಳ, ಬಾಣಂತನ ಏನಿದ್ದರೂ ಕೂತು ಕೇಳುವುದು. ಬೈಬಲಿನ ಒಂದು ವಾಕ್ಯ ಓದಿ, ಮನೆಯವರ ಹೆಸರು ಹಿಡಿದು ಗಟ್ಟಿಯಾಗಿ ಪ್ರಾರ್ಥನೆ ಮಾಡುವುದು. ಕೊಟ್ಟ ಚಹಾ ಕುಡಿದು ಮುಂದಿನ ಮನೆಗೆ ನಡೆಯುವುದು. ಇದರಲ್ಲಿ ಬಡ್ತಿ ಎಂಬುದಿಲ್ಲ. ಸೇರಿದಾಗ ಏನಾಗಿದ್ದೆನೋ ಬಿಟ್ಟಾಗಲೂ ಅದೇ ಆಗಿದ್ದೆ, ನಡುವೆ ಬದಲಾದದ್ದು ಚಪ್ಪಲಿ ಮಾತ್ರ.

ಶುರುಮಾಡಿದ್ದು ಸಿರುಗುಪ್ಪದಲ್ಲಿ. ಸುತ್ತ ಭತ್ತದ ಗದ್ದೆ, ಊರಿಗೆ ಬಂದರೆ ಅಕ್ಕಿ ಗಿರಣಿ. ಆಂಧ್ರ ಅಲ್ಲೇ ಪಕ್ಕದಲ್ಲಿ. ಕನ್ನಡದಲ್ಲಿ ಕುಶಲ ಕೇಳಿ ತೆಲುಗಿನಲ್ಲಿ ಅಳುವ ಮನೆಗಳು ಅಲ್ಲಿ ಬಹಳ. ತೆಲುಗು ಬಾರದಿದ್ದರೆ ಅರ್ಧ ಕಷ್ಟ ಅರ್ಥವಾಗುವುದಿಲ್ಲ, ಆದ್ದರಿಂದ ಆ ಕಡೆ ಹೋಗುವವರು ಮೊದಲು ತೆಲುಗು ಕಲಿಯಿರಿ. ಸಭೆಯ ಪಾಸ್ಟರನ್ನು ಎಲ್ಲರೂ 'ಅಯ್ಯಗಾರು' ಎನ್ನುತ್ತಿದ್ದರು. ನನ್ನ ಮೊದಲ ಅಯ್ಯಗಾರು ವಯಸ್ಸಾದವರು, ಉದ್ದ ಪ್ರಾರ್ಥನೆ ಅವರಿಗೆ ಆಗುತ್ತಿರಲಿಲ್ಲ. "ನೋಡಮ್ಮ, ಒಲಿ ಮ್ಯಾಲ ಅನ್ನ ಇಟ್ಟು ಬಂದು ಕುಂತಿರ್ತಾರ ಜನ. ನಿನ್ನ ಪ್ರಾರ್ಥನಿ ಮುಗಿಯೋದರಾಗ ಅನ್ನ ಸೀದ್ರ ಅವರು ದೇವರ ಹೆಸರು ತಗೊಳ್ಳಂಗಿಲ್ಲ, ನಿನ್ನ ಹೆಸರು ತಗೊಂತಾರ" ಎಂದು ಮೊದಲ ದಿನವೇ ಹೇಳಿದ್ದರು. ನಾನು ಕೇಳಬೇಕಲ್ಲ. ನನ್ನ ದನಿ ಗಟ್ಟಿ. ಒಂದು ಮನೆಯಲ್ಲಿ ಶುರುಮಾಡಿದರೆ ನಾಲ್ಕನೆಯ ಮನೆಯವರೂ ಒಗೆಯುವ ಬಟ್ಟೆ ಬಿಟ್ಟು ತಲೆಗೆ ಸೆರಗು ಹಾಕಿಕೊಳ್ಳುತ್ತಿದ್ದರು. ನಡುನಡುವೆ ಮನೆಯವರು "ಸ್ತೋತ್ರ", "ಹೌದು ಸ್ವಾಮಿ" ಎನ್ನುತ್ತಿದ್ದರೆ ನನಗೆ ಇನ್ನಷ್ಟು ಹುರುಪು ಬರುತ್ತಿತ್ತು. ಆ ದನಿಯ ಬಗ್ಗೆ ನನಗೆ ಹೆಮ್ಮೆಯಿತ್ತು, ಸುಳ್ಳೇಕೆ ಹೇಳಲಿ.

ಆ ಹುರುಪಿನಲ್ಲೇ ಒಂದು ಫಜೀತಿ ಆಯಿತು. ಒಂದು ಮನೆಯಿಂದ, ಕಾಯಿಲೆಯವರಿದ್ದಾರೆ ಬರ್ರಿ ಎಂದು ಹೇಳಿಕಳಿಸಿದ್ದರು. ಹೋದೆ. ಪಡಸಾಲೆಯಲ್ಲಿ ಒಬ್ಬ ಗಂಡಸು ಮುಸುಕು ಹಾಕಿ ಮಲಗಿದ್ದ. ನಾನು ಕೇಳಲಿಲ್ಲ, ವಿಚಾರಿಸಲಿಲ್ಲ, ತಲೆಯ ಮೇಲೆ ಕೈಯಿಟ್ಟು ಶುರುಮಾಡಿಬಿಟ್ಟೆ. "ಈ ಹಾಸಿಗೆಯಿಂದ ಇವನನ್ನು ಎಬ್ಬಿಸು ಸ್ವಾಮಿ, ಈಗಲೇ ಎಬ್ಬಿಸು" ಎಂದು ಕೂಗಿದೆ. ಅವನು ಎದ್ದೇಬಿಟ್ಟ.

"ಯಾರ್ಲೇ ಅದು? ಗಿರಣಿಯಾಗ ಡ್ಯೂಟಿ ಮುಗಿಸಿ ಬಂದು ಈಗ ಕಣ್ಣು ಮುಚ್ಚೀನಿ!"

ಕಾಯಿಲೆಯಿದ್ದದ್ದು ಅವನ ತಾಯಿಗೆ. ಮುದುಕಿ ಒಳಗಿನ ಕೋಣೆಯಿಂದ, "ನಾ ಇಲ್ಲಿ ಅದೀನ್ರಿ ಅಮ್ಮಾರ" ಎಂದು ನರಳುತ್ತ ಕೂಗಿದಳು. ಸುದ್ದಿ ಅಯ್ಯಗಾರರ ಕಿವಿಗೆ ಬಿದ್ದಾಗ ಅವರು ನಗಲಿಲ್ಲ, ಬೈಯಲೂ ಇಲ್ಲ. "ನಿನ್ನ ಪ್ರಾರ್ಥನಿಗೆ ಶಕ್ತಿ ಭಾಳ ಐತಮ್ಮ. ಇನ್ನ ಮ್ಯಾಲ ಎಬ್ಬಿಸೋಕಿಂತ ಮೊದಲು ಯಾರು ಮಲಗ್ಯಾರ ಅಂತ ಕೇಳು" ಎಂದರು. ಹೊಸಬರಿಗೆ ನಾನು ಹೇಳುವ ಮೊದಲ ಬುದ್ಧಿಮಾತೂ ಇದೇ.

ನಮ್ಮ ಕಡೆ ಪ್ರಾರ್ಥನೆ ನಡೆಯುವಾಗ ಎದುರಿಗೆ ಒಂದು ತಂಬಿಗೆ ನೀರು ಇಡುತ್ತಾರೆ. ಆಮೆನ್ ಆದ ಮೇಲೆ ಮನೆಮಂದಿಯೆಲ್ಲ ಆ ನೀರು ಕುಡಿಯುತ್ತಾರೆ. ಪಕ್ಕದ ಮನೆಯ ಶರಣಮ್ಮ, ಹಣೆ ತುಂಬ ವಿಭೂತಿಯ ಹೆಂಗಸು, ಒಮ್ಮೆ ತಾನೂ ಒಂದು ಚೊಂಬು ತಂದಿಟ್ಟು, "ನಮ್ಮ ಎಮ್ಮಿ ಹಾಲು ಕೊಡವಲ್ದ್ರಿ. ಅದರ ಹೆಸರೂ ಒಂದೀಟು ಸೇರಿಸ್ರಿ" ಎಂದಳು. ಎಮ್ಮೆಯ ಹೆಸರು ಗೌರಿ. ಸೇರಿಸಿದೆ. ಹಾಲು ಬಂತೋ ಬಿಟ್ಟಿತೋ ನಾನು ಕೇಳಲಿಲ್ಲ. ಮುಂದಿನ ವಾರ ಅವಳು ಕೊಟ್ಟ ಮಜ್ಜಿಗೆ ಮಾತ್ರ ಗಟ್ಟಿಯಾಗಿತ್ತು.

ಮುಂದೆ ನಮ್ಮ ಮನೆಯವರಿಗೆ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕೆಲಸ ಸಿಕ್ಕಿತು. ನಾವು ಸತ್ಯನಾರಾಯಣಪೇಟೆಯಲ್ಲಿ ಬಾಡಿಗೆ ಮನೆ ಹಿಡಿದೆವು. ಸಭೆಯವರು ನನಗೆ ಬಳ್ಳಾರಿಯ ಮನೆಗಳ ಜೊತೆಗೆ ಕುರುಗೋಡಿನ ಮನೆಗಳನ್ನೂ ಕೊಟ್ಟರು. ಕುರುಗೋಡಿಗೆ ಪ್ರತಿ ಮಂಗಳವಾರ ಬಸ್ಸಿನಲ್ಲಿ ಹೋಗಿ ಸಂಜೆಗೆ ಬರುವುದು. ರತ್ನಮ್ಮ ಸಿಕ್ಕಿದ್ದು ಅಲ್ಲಿ.

ರತ್ನಮ್ಮನ ಗಂಡ ದಾನಪ್ಪ ಹಮಾಲಿ ಕೆಲಸದವನು. ಮೆಣಸಿನಕಾಯಿ ಚೀಲ ಹೇರಿದ ಲಾರಿಯ ಮೇಲಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿತ್ತು. ಮಂಚದಿಂದ ಅವನನ್ನು ಎತ್ತುವುದು, ಇಳಿಸುವುದು, ತೊಳೆಯುವುದು ಎಲ್ಲ ಅವಳೇ. ಉಳಿದ ಹೊತ್ತಿನಲ್ಲಿ ಅಂಗಳದಲ್ಲಿ ಕೂತು ಕೂಲಿಗೆ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಮೊದಲ ದಿನ ನಾನು ವಾಕ್ಯ ಓದಿ, "ಬಾರವ್ವ, ಪ್ರಾರ್ಥನಿ ಮಾಡೋಣು" ಎಂದರೆ ಕೈ ನಿಲ್ಲಿಸಲಿಲ್ಲ.

"ನೀವು ಮಾಡ್ರಿ ಅಮ್ಮಾರ. ನಾ ದೇವರ ಕೂಡ ಮಾತು ಬಿಟ್ಟೀನಿ."

ಓರಗಿತ್ತಿಯ ಜೊತೆ ಮಾತು ಬಿಟ್ಟವರನ್ನು ನೋಡಿದ್ದೆ, ಅತ್ತೆಯ ಜೊತೆ ಬಿಟ್ಟವರನ್ನು ನೋಡಿದ್ದೆ. ಇದು ಹೊಸದು.

"ಇವರು ಬಿದ್ದ ದಿನ ದವಾಖಾನಿ ಬಾಗಿಲದಾಗ ಕುಂತು ಕೇಳೀನ್ರಿ. ಬ್ಯಾರೆ ಏನೂ ಬ್ಯಾಡ, ಕಾಲು ಒಂದು ಉಳಿಸು ಅಂತ. ಉಳಿಸಲಿಲ್ಲ. ಆವತ್ತಿಂದ ಬಿಟ್ಟೀನಿ."

"ಅಂದ್ರ ನಂಬಿಕಿ ಬಿಟ್ಟೀಯೇನವ್ವ?"

"ಅದೆಂಗ ಬಿಡ್ತೀನ್ರಿ? ಅವ ಇಲ್ಲ ಅಂದ್ರ ಮಾತು ಬಿಡೋದು ಯಾರ ಕೂಡ?"

ಉತ್ತರವಿಲ್ಲದಾಗ ನಾನು ಪ್ರಾರ್ಥನೆ ಮಾಡುತ್ತಿದ್ದೆ. ಅವತ್ತೂ ಗಟ್ಟಿಯಾಗಿ ಮಾಡಿದೆ. ಮಂಚದ ಮೇಲಿಂದ ದಾನಪ್ಪ "ಸ್ತೋತ್ರ, ಸ್ತೋತ್ರ" ಎನ್ನುತ್ತಿದ್ದ. ರತ್ನಮ್ಮ ತೊಟ್ಟು ಬಿಡಿಸುತ್ತಲೇ ಇದ್ದಳು. ಹಬ್ಬದ ದಿನ ಆರಾಧನೆಗೂ ಬರುತ್ತಿದ್ದಳು, ಕೊನೆಯ ಸಾಲಿನಲ್ಲಿ ಕೂರುತ್ತಿದ್ದಳು, ಹಾಡಿಗೆ ಬಾಯಿ ತೆರೆಯುತ್ತಿರಲಿಲ್ಲ. ಬೀಗರ ಮದುವೆಗೆ ಹೋಗಿ ಊಟ ಮಾಡದೆ ಕೂತವರ ಹಾಗೆ. ಹೀಗೆ ವರ್ಷಗಳು ನಡೆದವು. ನಾನು ಅವಳ ಮನಸ್ಸು ತಿರುಗಿಸಲು ಹೋಗಲಿಲ್ಲ, ಅವಳು ನನಗೆ ಬರಬೇಡ ಎನ್ನಲಿಲ್ಲ.

ಆಮೇಲೆ ಕೊರೊನಾ ಬಂತು. ಮನೆ ಭೇಟಿ ನಿಂತುಹೋಯಿತು. ಹೊತ್ತಿಗೆ ಸರಿಯಾಗಿ ಹೊಸ ಅಯ್ಯಗಾರು ಬಂದಿದ್ದರು. ನನ್ನ ಮಗನ ವಯಸ್ಸಿನವರು, ಒಳ್ಳೆಯ ಹುಡುಗ, ಕೈಯಲ್ಲಿ ಸದಾ ಫೋನು. "ಅಮ್ಮಾ, ನೀವು ಫೋನಿನ್ಯಾಗ ಪ್ರಾರ್ಥನಿ ಮಾಡ್ರಿ, ನಾ ಎಲ್ಲರಿಗೂ ಕಳಿಸ್ತೀನಿ" ಎಂದರು. ಒಂದೊಂದು ಮನೆಗೆ ಒಂದೊಂದು ಪ್ರಾರ್ಥನೆ, ಹೆಸರು ಹಿಡಿದು. ಎದುರಿಗೆ ಯಾರೂ ಇಲ್ಲದೆ ಗೋಡೆ ನೋಡಿ ಪ್ರಾರ್ಥಿಸುವುದು ನನಗೆ ಮೊದಲು ನಾಚಿಕೆಯೆನಿಸಿತು, ಆಮೇಲೆ ರೂಢಿಯಾಯಿತು. ಆ ದಿನಗಳಲ್ಲಿ ಹೋದವರು ಹೋದರು, ಸಾವಾದರೂ ಮಣ್ಣು ಕೊಡಲು ಯಾರೂ ಹೋಗಲಾಗದ ಮನೆಗಳಿಗೆ ನನ್ನ ದನಿ ಹೋಯಿತು. ಅದೊಂದು ಸಮಾಧಾನ.

ಎಲ್ಲ ಸರಿಹೋಗಿ ಮತ್ತೆ ಬಸ್ಸು ಹತ್ತುವ ಹೊತ್ತಿಗೆ ನನ್ನ ಕುತ್ತಿಗೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಗಡ್ಡೆ ಬಿಟ್ಟರೆ ಜೀವಕ್ಕೆ ಅಪಾಯ, ತೆಗೆದರೆ ದನಿಗೆ ಅಪಾಯ, ದನಿಯ ನರ ಅದಕ್ಕೇ ಅಂಟಿಕೊಂಡಿದೆ ಎಂದರು. ಸಭೆಯವರು ಉಪವಾಸ ಪ್ರಾರ್ಥನೆ ಇಟ್ಟರು. ಆಪರೇಷನ್ ಆಯಿತು. ಗಡ್ಡೆ ಹೋಯಿತು, ಜೀವ ಉಳಿಯಿತು, ದನಿ ಹೋಯಿತು. ತಿಂಗಳುಗಳು ಕಳೆದರೂ ಬರಲಿಲ್ಲ.

ಆಗ ಜನ ನನ್ನನ್ನು ನೋಡಲು ಬಂದರು. ನಾನು ಇಷ್ಟು ವರ್ಷ ಮಾಡಿದ್ದನ್ನು ನನಗೆ ಮಾಡಲು ಬಂದರು. "ದೇವರು ತಾನು ಪ್ರೀತಿ ಮಾಡೋರನ್ನೇ ಶೋಧಿಸಿ ನೋಡ್ತಾನ್ರಿ" ಎಂದರು ಒಬ್ಬರು. "ದನಿ ತಿರುಗಿ ಬರ್ತೈತಿ, ದೇವರ ಮಹಿಮಿಗೆ ದೊಡ್ಡ ಸಾಕ್ಷಿ ಆಗ್ತೈತಿ" ಎಂದರು ಇನ್ನೊಬ್ಬರು. ಸಭಾ ಹಿರಿಯರೊಬ್ಬರ ಹೆಂಡತಿ ನನ್ನ ಕೈ ಹಿಡಿದು, "ಎಲ್ಲೋ ಒಂದ್ಕಡಿ ನಿಮ್ಮ ಪ್ರಾರ್ಥನಿ ಕಡಿಮಿ ಬಿದ್ದೈತಿ, ಪರೀಕ್ಷೆ ಮಾಡಿಕೊಳ್ರಿ" ಎಂದರು. ದನಿಯಿದ್ದಿದ್ದರೆ ಆಕೆಗೆ ತಕ್ಕ ಉತ್ತರ ಕೊಡುತ್ತಿದ್ದೆ. ಆಕೆಯ ಪುಣ್ಯ.

ನಮ್ಮ ಮನೆಯವರದು ಮಾತು ಕಡಿಮೆ, ಆಡಿದರೆ ಸೂಜಿ. "ಇಷ್ಟು ವರ್ಷ ನೀನೇ ಮಾತಾಡೀದಿ. ಈಗ ಅವನೂ ಒಂದೀಟು ಮಾತಾಡ್ಲಿ ಬಿಡು" ಎಂದರು. ನಾನು ಸಿಟ್ಟಿನಿಂದ ಅವತ್ತು ಅವರಿಗೆ ಸಾರು ಬಡಿಸಲಿಲ್ಲ, ತಾವೇ ಹಾಕಿಕೊಂಡು ಉಂಡರು.

ಮನಸ್ಸಿನಲ್ಲಿ ಪ್ರಾರ್ಥಿಸಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಆಗಲಿಲ್ಲ. ಕಣ್ಣು ಮುಚ್ಚಿದರೆ ಒಳಗೆ ಏನೂ ಇರುತ್ತಿರಲಿಲ್ಲ. ನನ್ನ ದನಿ ನನ್ನ ಕಿವಿಗೆ ಬೀಳದಿದ್ದರೆ ಪ್ರಾರ್ಥನೆ ಹೋಗಿ ಮುಟ್ಟಿತೆಂದು ನನಗೆ ಅನ್ನಿಸುತ್ತಲೇ ಇರಲಿಲ್ಲ. ಊರವರಿಗೆಲ್ಲ ಪ್ರಾರ್ಥನೆ ಕಲಿಸಿದವಳು ನಾನು, ನನಗೇ ಅದು ಬಾರದಾಯಿತು. ಬಹಳ ದುಃಖವಾಯಿತು. ದೇವರ ಮೇಲೆ ಸಿಟ್ಟೂ ಬಂತು. ನನ್ನ ಹತ್ತಿರ ಇದ್ದದ್ದು ಅದೊಂದೇ, ಅದೂ ಅವನ ಕೆಲಸಕ್ಕೇ ಬಳಸುತ್ತಿದ್ದೆ, ಅದನ್ನೇ ತೆಗೆದುಕೊಂಡನಲ್ಲ ಎಂದು.

ಹುಡುಗ ಅಯ್ಯಗಾರು ಸುಮ್ಮನಿರಲಿಲ್ಲ. ಕೊರೊನಾದ ಕಾಲದ ನನ್ನ ಪ್ರಾರ್ಥನೆಗಳೆಲ್ಲ ಅವರ ಫೋನಿನಲ್ಲಿ ಇದ್ದವು. "ಅಮ್ಮಾ, ಚಿಂತಿ ಯಾಕ? ನಿಮ್ಮ ದನಿ ನನ್ನ ಹತ್ರ ಐತಿ" ಎಂದು ಒಂದು ಪುಟ್ಟ ಸ್ಪೀಕರ್ ಕೊಡಿಸಿದರು. ಮನೆಗೆ ಹೋಗುವುದು, ವಾಕ್ಯ ಮನೆಯವರೇ ಓದುವುದು, ಪ್ರಾರ್ಥನೆ ಸ್ಪೀಕರಿನಲ್ಲಿ ಹಚ್ಚುವುದು. ಬಳ್ಳಾರಿಯ ಗಾಂಧಿನಗರದಲ್ಲಿ ಮದುವೆಯಾಗದೆಯೇ ಉಳಿದ ಒಬ್ಬ ನಿವೃತ್ತ ಮೇಷ್ಟ್ರಿದ್ದರು. ಅವರ ಕಣ್ಣಿನ ಆಪರೇಷನ್ ಆಗಿತ್ತು. ಮೊದಲು ಅಲ್ಲಿಗೆ ಹೋದೆವು. ಅಯ್ಯಗಾರು ಫೋನು ಒತ್ತಿದರು. ನನ್ನ ಹಳೆಯ ದನಿ ಗುಡುಗಿತು: "ಸ್ವಾಮಿ, ಈ ನಿನ್ನ ಮಗಳು ದಿನ ತುಂಬಿದ ಬಸುರಿ. ಇವಳಿಗೆ ಸುಖವಾಗಿ ಹೆರಿಗೆ ಮಾಡಿಸು. ಮಡಿಲು ತುಂಬು."

ಅಯ್ಯಗಾರು ಗಾಬರಿಯಾಗಿ ಫೋನು ಒತ್ತುತ್ತಾರೆ, ಅದು ನಿಲ್ಲುವುದಿಲ್ಲ. ಮೇಷ್ಟ್ರು ಕಪ್ಪು ಕನ್ನಡಕದ ಹಿಂದೆ ಕಣ್ಣು ಮುಚ್ಚಿ ಕೊನೆಯವರೆಗೂ ಭಕ್ತಿಯಿಂದ ಕೇಳಿ, "ಆಮೆನ್" ಎಂದರು. "ನನ್ನಿಂದ ಆಗೋ ಕೆಲಸ ಅಲ್ಲ, ಆದರೂ ದೇವರ ಚಿತ್ತ" ಎಂದರು. ಆಪರೇಷನ್ ಆದ ಮೇಲೆ ನಾನು ಮೊದಲ ಸಲ ನಕ್ಕಿದ್ದು ಅವತ್ತು. ನಗು ಕೂಡ ಗಾಳಿಯಾಗಿಯೇ ಬಂತು. ಸ್ಪೀಕರ್ ಮಾತ್ರ ಮತ್ತೆ ಹೊರಗೆ ಬರಲಿಲ್ಲ.

ಆಮೇಲೆ ನಾನು ಬರಿಗೈಯಲ್ಲಿ ಹೋಗತೊಡಗಿದೆ. ಮನೆಯಲ್ಲಿ ಕೂತು, ಪ್ರಾರ್ಥನೆಯ ಹೊತ್ತಾದರೆ, "ನೀವೇ ಮಾಡ್ರಿ" ಎಂದು ಪಿಸುಗುಡುತ್ತಿದ್ದೆ. "ನಮಗ ಬರಂಗಿಲ್ರಿ" ಎನ್ನುವರು. ನಾನು ಕೂತೇ ಇರುತ್ತಿದ್ದೆ. ನಾನು ಎದ್ದು ಹೋಗದಿದ್ದರೆ ಅವರು ಏನಾದರೂ ಮಾಡಲೇಬೇಕಲ್ಲ. ನಮ್ಮ ಓಣಿಯ ಆಟೋ ಓಡಿಸುವವನೊಬ್ಬ ಬಹಳ ಹೊತ್ತು ತಲೆ ಕೆರೆದುಕೊಂಡು, "ಸ್ವಾಮಿ, ಎಲ್ಲಾ ನಿನಗ ಗೊತ್ತೈತಿ. ಮಗಳು ನನ್ನ ಕೂಡ ಮಾತಾಡವಲ್ಲಳು. ಏನು ತಪ್ಪು ಮಾಡೀನಿ ತಿಳಿಸು. ಆಮೆನ್" ಎಂದ. ಅವನ ಬೆನ್ನುನೋವಿಗೆ ನಾನು ವರ್ಷಗಟ್ಟಲೆ ಜೋರು ದನಿಯಲ್ಲಿ ಪ್ರಾರ್ಥಿಸಿದ್ದೆ. ಬೆನ್ನಿನ ಸುದ್ದಿಯನ್ನೇ ಅವನು ಎತ್ತಲಿಲ್ಲ. ಅವನ ಹೆಂಡತಿ ತಲೆಯೆತ್ತಿ ಅವನನ್ನೇ ನೋಡುತ್ತಿದ್ದಳು.

ಹೀಗೆ ಮನೆಮನೆಗಳಲ್ಲಿ ಜನ ತಮ್ಮ ಬಾಯಿಂದ ಪ್ರಾರ್ಥಿಸುವುದು ಶುರುವಾಯಿತು. ನನಗೂ ಮೆಲ್ಲಗೆ ಏನೋ ತಿರುಗಿ ಬರತೊಡಗಿತು. ಅವರು ಆಡಿದ ಮಾತಿನ ಹಿಂದೆ ನಾನೂ ಒಳಗೊಳಗೇ ಹೋಗುತ್ತಿದ್ದೆ. ದನಿಯಿದ್ದಾಗ ನಾನು ಮುಂದೆ, ದೇವರು ಎದುರಿಗೆ, ಜನ ನನ್ನ ಬೆನ್ನ ಹಿಂದೆ. ಈಗ ನಾನು ಅವರ ನಡುವೆ ಕೂತಿದ್ದೆ. ಆತ್ಮಿಕ ಬೆಳವಣಿಗೆ ಎಂಬ ಮಾತನ್ನು ನಾನು ಸಾವಿರ ಸಲ ಬಳಸಿದ್ದೇನೆ. ಬೆಳೆಯುವುದೆಂದರೆ ದೊಡ್ಡದಾಗುವುದು ಎಂದುಕೊಂಡಿದ್ದೆ. ನನ್ನ ಮಟ್ಟಿಗೆ ಅದು ಚಿಕ್ಕದಾಗುವುದರಿಂದ ಶುರುವಾಯಿತು.

ಆದರೆ ಸಭೆಯ ಕಮಿಟಿಯವರಿಗೆ ಇದೆಲ್ಲ ಕಾಣುವುದು ಹೇಗೆ? ದನಿಯಿಲ್ಲದ ಪ್ರಾರ್ಥನಿ ಅಮ್ಮ ಯಾತಕ್ಕೆ ಎಂದು ಅವರು ಕೇಳಿದ್ದು ತಪ್ಪೇನೂ ಅಲ್ಲ. ನಿವೃತ್ತಿಗೆ ಇನ್ನೂ ವರ್ಷಗಳಿದ್ದವು. ಅಯ್ಯಗಾರು ಮನೆಗೆ ಬಂದು, ನೆಲ ನೋಡುತ್ತ, "ಅಮ್ಮಾ, ನೀವು ಭಾಳ ದುಡಿದೀರಿ. ಈ ತಿಂಗಳ ಆಖೈರಿಗೆ ವಿಶ್ರಾಂತಿ ತಗೊಳ್ರಿ ಅಂತಾರ. ಹೊಸಬರೊಬ್ಬರನ್ನ ನೋಡ್ಯಾರ" ಎಂದರು. ನಾನು ತಲೆಯಾಡಿಸಿದೆ. ಅವರು ಹೋದ ಮೇಲೆ ಹಿತ್ತಿಲಿಗೆ ಹೋಗಿ ಅತ್ತೆ. ದನಿ ಹೋದದ್ದಕ್ಕಿಂತ ಇದಕ್ಕೆ ಹೆಚ್ಚು ನೋವಾಯಿತು. ಆ ಮನೆಗಳೂ ಹೋದರೆ ನನಗೆ ಉಳಿಯುವುದೇನು?

ಕುರುಗೋಡಿನವರಿಗೆ ವಿಷಯ ತಿಳಿಸಲು ಆ ಮಂಗಳವಾರ ಅಯ್ಯಗಾರೂ ನನ್ನ ಜೊತೆ ಬಂದರು. ಕೊನೆಗೆ ರತ್ನಮ್ಮನ ಮನೆಗೆ ಹೋದೆವು. ನಾನು ಎಂದಿನಂತೆ ಮೆಣಸಿನಕಾಯಿಯ ಮೊರದ ಪಕ್ಕ ಕೂತು ತೊಟ್ಟು ಬಿಡಿಸತೊಡಗಿದೆ. ದನಿ ಹೋದ ಮೇಲೆ ಅಲ್ಲಿ ನಾನು ಮಾಡುತ್ತಿದ್ದದ್ದು ಅಷ್ಟೇ. ಅವಳಿಗೆ "ನೀನೇ ಮಾಡವ್ವ" ಎಂದು ನಾನು ಒಮ್ಮೆಯೂ ಹೇಳಿರಲಿಲ್ಲ. ಮಾತು ಬಿಟ್ಟವಳನ್ನು ಒತ್ತಾಯ ಮಾಡುವುದು ಹೇಗೆ? ಇಬ್ಬರೂ ಸುಮ್ಮನೆ ಕೂತು ಕೆಲಸ ಮಾಡುತ್ತಿದ್ದೆವು, ದಾನಪ್ಪ ಮಂಚದ ಮೇಲಿಂದ ಊರ ಸುದ್ದಿ ಹೇಳುತ್ತಿದ್ದ.

ಅಯ್ಯಗಾರು ವಿಷಯ ಹೇಳಿದರು. ಅಮ್ಮಾರಿಗೆ ವಿಶ್ರಾಂತಿ, ಮುಂದಿನ ವಾರದಿಂದ ಹೊಸಬರು ಬರುತ್ತಾರೆ, ಚೆನ್ನಾಗಿ ಹಾಡುತ್ತಾರೆ ಎಂದರು. ರತ್ನಮ್ಮ ಮೊರವನ್ನು ಪಕ್ಕಕ್ಕೆ ಸರಿಸಿದಳು. ಅಯ್ಯಗಾರು ಪ್ರಾರ್ಥನೆ ಮಾಡಿ ಹೊರಡೋಣವೆಂದು ಎದ್ದು ನಿಂತರು.

"ನೀವು ತಡೀರಿ ಅಯ್ಯಗಾರ" ಎಂದಳು ರತ್ನಮ್ಮ. ಮೆಣಸಿನಕಾಯಿಯ ಘಾಟಿನ ಕೈಯನ್ನು ಸೀರೆಗೆ ಒರೆಸಿದಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು. ಕಣ್ಣು ಮುಚ್ಚಲಿಲ್ಲ.

"ಸ್ವಾಮಿ, ನಿನ್ನ ಕೂಡ ಮಾತಾಡಬಾರದು ಅಂತ ಇದ್ದೆ. ಈ ಅಮ್ಮಾರ ಸಲುವಾಗಿ ಮಾತಾಡಾಕತ್ತೀನಿ, ನನ್ನ ಸಲುವಾಗಿ ಅಲ್ಲ, ಅದು ನೆಪ್ಪಿರಲಿ. ಇವರ ದನಿ ತಿರುಗಿ ಕೊಡು ಅಂತ ಕೇಳಂಗಿಲ್ಲ. ಕಾಲು ಕೇಳಿ ನೋಡೀನಿ, ನೀ ಕೊಡಲಿಲ್ಲ. ಯಾಕ ಕೊಡಲಿಲ್ಲ ಅಂತ ನಿನಗ ಗೊತ್ತು, ಅದರ ಜಗಳ ಬ್ಯಾರೆ. ಇವರು ಬರೋದೊಂದು ಬಿಡಿಸಬ್ಯಾಡ. ಹಾಡೋರು, ಓದೋರು ನಿನಗ ಭಾಳ ಮಂದಿ ಸಿಗ್ತಾರ. ನನ್ನ ಮನಿಯಾಗ ಸುಮ್ಮನ ಕುಂದ್ರೋರು ಇವರೊಬ್ಬರ. ಇವರು ಬರೋದು ಬಿಟ್ರ ನಿನ್ನ ಕಡಿಯಿಂದ ಈ ಮನಿಗೆ ಯಾರೂ ಬಂದಂಗಾಗಂಗಿಲ್ಲ. ಅಷ್ಟ. ಯಾರಾದ್ರೂ ಆಮೆನ್ ಅನ್ರಿ."

ದಾನಪ್ಪ ಅಂದ. ಅಯ್ಯಗಾರು ಸ್ವಲ್ಪ ತಡೆದು ಅಂದರು. ನಾನು ಬಾಯಿ ಅಲ್ಲಾಡಿಸಿದೆ. ನನಗಾಗಿ ಜೀವಮಾನದಲ್ಲಿ ಎಷ್ಟೋ ಜನ ಪ್ರಾರ್ಥಿಸಿದ್ದಾರೆ, ದೊಡ್ಡ ದೊಡ್ಡವರು ತಲೆಯ ಮೇಲೆ ಕೈಯಿಟ್ಟಿದ್ದಾರೆ. ಆದರೆ ಹಟ ಮುರಿದುಕೊಂಡು ನನಗಾಗಿ ಬೇಡಿದವರು ಇನ್ನೊಬ್ಬರಿಲ್ಲ.

ಬಸ್ಸಿನಲ್ಲಿ ಅಯ್ಯಗಾರು ಫೋನು ತೆಗೆಯಲಿಲ್ಲ. ಬಳ್ಳಾರಿ ಬಂದ ಮೇಲೆ ಇಳಿಯುತ್ತ, "ಕಮಿಟಿಯವರ ಕೂಡ ನಾ ಮಾತಾಡ್ತೀನಮ್ಮ" ಎಂದರು. ಏನು ಮಾತಾಡಿದರೋ, ಎಷ್ಟು ಬೈಸಿಕೊಂಡರೋ ನನಗೆ ಗೊತ್ತಿಲ್ಲ. ಭಾನುವಾರ ಆರಾಧನೆ ಮುಗಿದ ಮೇಲೆ ಬಾಗಿಲ ಹತ್ತಿರ ನಿಲ್ಲಿಸಿ, "ಹೊಸಬರು ಬಳ್ಳಾರಿ ಮನಿ ನೋಡ್ಕೊತಾರ. ಕುರುಗೋಡಿಗೆ ನೀವೇ ಹೋಗ್ರಿ, ನಿವೃತ್ತಿ ಆಗೋತನಕ" ಎಂದರು.

ಮಂಗಳವಾರ ಹೋದೆ. ಬಿಸಿಲು ಚುರುಗುಡುತ್ತಿತ್ತು. ಬೇರೆ ಮನೆಗಳನ್ನು ಬಿಟ್ಟು ಮೊದಲು ರತ್ನಮ್ಮನ ಮನೆಗೇ ಹೋದೆ. ಅವಳು ಅಂಗಳಕ್ಕೆ ಬೆನ್ನು ಮಾಡಿ, ಬಾಗಿಲೊಳಗೆ ನೆರಳಿನಲ್ಲಿ ಕೂತಿದ್ದಳು. ಕೂಗಿ ಕರೆಯಲು ನನಗೆ ದನಿಯಿಲ್ಲ, ನಿಂತೆ. ಸ್ವಲ್ಪ ಹೊತ್ತಿಗೆ ತಾನಾಗಿಯೇ ತಿರುಗಿದಳು. ನನ್ನನ್ನು ನೋಡಿದಳು. ನನ್ನ ಹಿಂದೆ ಹೊಸಬರು ಯಾರಾದರೂ ಬರುತ್ತಿದ್ದಾರೇನೋ ಎಂದು ಕತ್ತು ಚಾಚಿ ನೋಡಿದಳು. ಯಾರೂ ಇರಲಿಲ್ಲ.

"ಕೇಳ್ಯಾನ" ಎಂದಳು, ತನ್ನಷ್ಟಕ್ಕೆ. ಆಮೇಲೆ ಮಂಚದ ಕಡೆ ತಿರುಗಿ ಓಣಿಗೆಲ್ಲ ಕೇಳುವ ಹಾಗೆ, "ಏನ್ರೀ, ಎಚ್ಚರ ಅದೀರಾ? ದೇವರು ನನ್ನ ಮಾತು ಕೇಳ್ಯಾನ! ಅಮ್ಮಾರು ಬಂದಾರ!" ಎಂದು ಕೂಗಿದಳು.

ನನಗೆ ಅಲ್ಲಿಯೇ ಅಳು ಬಂತು. ಸದ್ದಿಲ್ಲದ ಅಳು, ತಡೆಯಲು ಆಗಲಿಲ್ಲ.

"ಬರ್ರಿ ಒಳಗ" ಎಂದಳು ರತ್ನಮ್ಮ, ಎದ್ದು ಬಂದು ಕೈ ಹಿಡಿದು. "ಬಿಸಲಾಗ ನಿಂತು ಅಳ್ತಾರೇನು?"